ನೆಲದ ಮೇಲಿನ ನೌಕಾಬಲ

ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಸಮೀಪದಲ್ಲಿ, ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ, ಎಲ್ಡಿನ್ನಿನ ಜಾನ್ ಕ್ಲಾರ್ಕ್ ಎಂಬ ವರ್ತಕನೊಬ್ಬನಿದ್ದನು. ನೌಕಾಸೇನೆಯಲ್ಲಿ ಎಂದೂ ಸೇವೆ ಸಲ್ಲಿಸದಿದ್ದ ಈತನು, ಪುಟ್ಟ ಹಡಗುಗಳನ್ನು ಮೇಜಿನ ಮೇಲೆ ಸಾಲುಗಟ್ಟಿಸಿ, ಗಾಳಿಯ ದಿಕ್ಕನ್ನು ಗೊತ್ತುಮಾಡಿಕೊಂಡು, ಬ್ರಿಟಿಷ್ ನೌಕಾಬಲವು ಹೋರಾಡಿದ ಕದನಗಳನ್ನು ಮರಳಿ ಆಡಿ ನೋಡಿ, ಎರಡು ಪಡೆಗಳು ಸಮಾನಾಂತರವಾಗಿ ಸಾಗುತ್ತ ಗುಂಡು ಹಾರಿಸುವ ರೂಢಿಯಿಂದ ನಿರ್ಣಾಯಕ ಜಯವು ಏಕೆ ದೊರೆಯದೆಂಬುದನ್ನೂ, ವೈರಿಯ ಸಾಲನ್ನು ನಡುವೆ ಭೇದಿಸುವುದರಿಂದ ಒದಗುವ ಲಾಭವನ್ನೂ ಕಂಡುಕೊಂಡನು. ಇದನ್ನು ವಿವರಿಸುವ ಅವನ ಪ್ರಬಂಧದ ಪ್ರಥಮ ಭಾಗವು 1782ರಲ್ಲಿ ಮಿತ್ರರಿಗಾಗಿ ಅಚ್ಚಾಯಿತು. ಅದೇ ವರ್ಷದ ಏಪ್ರಿಲ್ 12ರಂದು ಅಡ್ಮಿರಲ್ ರಾಡ್ನಿಯು ವೆಸ್ಟ್ ಇಂಡೀಸಿನಲ್ಲಿ ಫ್ರೆಂಚರ ಸಾಲನ್ನು ಭೇದಿಸಿ ಗೆದ್ದುದಕ್ಕೆ ಕ್ಲಾರ್ಕನ ಆಲೋಚನೆಯೇ ಪ್ರೇರಣೆಯೋ ಅಲ್ಲವೋ ಎಂಬ ವಾದವು ಬಹುಕಾಲ ನಡೆಯಿತು. ಆ ವಾದದ ತೀರ್ಪು ಏನೇ ಆಗಲಿ, ಕಡಲಿನ ಹೊಗೆ ಗದ್ದಲಗಳಲ್ಲಿ ಮರೆಯಾಗುವುದು ಮೇಜಿನ ಮೇಲೆ ಸ್ಪಷ್ಟವಾಗಿ ಕಾಣುವುದೆಂಬುದನ್ನು ಅವನು ತೋರಿಸಿಕೊಟ್ಟನು.

ಇಂತಹ ಪ್ರಯೋಗವನ್ನು ಇತರರೂ ಕೊಂಡು ಆಡಬಹುದಾದ ಕ್ರೀಡೆಯಾಗಿ ರೂಪಿಸಿದವನು ಫ್ರೆಡ್ ಟಿ. ಜೇನ್ (1865–1916). ಪಾದ್ರಿಯೊಬ್ಬನ ಮಗನಾಗಿ ಹುಟ್ಟಿ, ಪತ್ರಿಕೆಗಳಿಗೆ ಚಿತ್ರ ಬರೆದು ಜೀವಿಸುತ್ತಿದ್ದ ಇವನಿಗೆ ಉಕ್ಕಿನ ಹಡಗುಗಳಲ್ಲಿ ಅಪಾರವಾದ ವ್ಯಾಮೋಹವಿದ್ದಿತು. ಇವನ ಕ್ರೀಡೆಯ ಹಡಗುಗಳಿಗೆ ಬೆಂಡಿನ ಒಡಲು, ತಂತಿಯ ಕೂವೆಮರ. ಪ್ರತಿ ಹಡಗಿಗೂ ಒಂದು ಚೀಟಿಯ ಮೇಲೆ ಅದರ ಪಾರ್ಶ್ವಚಿತ್ರ. ಕವಚ ಎಲ್ಲಿ ದಪ್ಪ, ಎಲ್ಲಿ ತೆಳುವು ಎಂಬುದೆಲ್ಲವೂ ಅದರಲ್ಲಿ ಗುರುತಾಗಿರುತ್ತಿದ್ದಿತು. ಗುಂಡು ಹಾರಿಸಬೇಕಾದವನು ಸೂಜಿ ನೆಟ್ಟ ಚಿಕ್ಕ ಹಲಗೆಯಿಂದ ಆ ಚೀಟಿಯನ್ನು ಹೊಡೆಯಬೇಕು. ಸೂಜಿಯು ಹಲಗೆಯ ನಟ್ಟನಡುವೆ ಇರದ ಕಾರಣ, ಗುರಿಯಿಟ್ಟ ಜಾಗಕ್ಕೇ ಪೆಟ್ಟು ಬೀಳುವುದೆಂಬ ಭರವಸೆಯಿರಲಿಲ್ಲ. ಆಟವು ಸತ್ಯಕ್ಕೆ ಸಮೀಪವಾಗಬೇಕಾದರೆ ಪ್ರಪಂಚದ ಪ್ರತಿಯೊಂದು ಯುದ್ಧನೌಕೆಯ ಕವಚ, ಫಿರಂಗಿ, ವೇಗಗಳ ವಿವರವು ಬೇಕಷ್ಟೆ? ಆ ವಿವರಗಳನ್ನು ಕೂಡಿಸಿ, ತನ್ನ ಕೈಯಿಂದಲೇ ಚಿತ್ರಗಳನ್ನು ಬರೆದು, ಕ್ರೀಡೆಯು ಹೊರಬಂದ 1898ರಲ್ಲಿಯೇ ಜೇನನು ಸಮಸ್ತ ದೇಶಗಳ ಯುದ್ಧನೌಕೆಗಳ ಗ್ರಂಥವೊಂದನ್ನು ಪ್ರಕಟಿಸಿದನು. ಮುಂದೆ ‘ಜೇನ್ಸ್ ಫೈಟಿಂಗ್ ಶಿಪ್ಸ್’ ಎಂದು ಹೆಸರಾಗಿ ನೌಕಾಸೇನೆಗಳೇ ಆಶ್ರಯಿಸುವಂತಾದ ಗ್ರಂಥವು ಇದೇ. ಹವ್ಯಾಸಿಯ ಶ್ರದ್ಧೆಗೆ ಇದಕ್ಕಿಂತ ದೊಡ್ಡ ನಿದರ್ಶನವನ್ನು ನಾನು ಕಾಣೆ.

ನ್ಯೂಯಾರ್ಕಿನಲ್ಲಿ 1930ರ ದಶಕದಲ್ಲಿ ಲೇಖಕ ಫ್ಲೆಚರ್ ಪ್ರ್ಯಾಟ್ ಈ ಆಟವನ್ನು ಮೇಜಿನಿಂದ ನೆಲಕ್ಕಿಳಿಸಿದನು. ಮರದಲ್ಲಿ ಕೆತ್ತಿದ ಹಡಗುಗಳ ನಡುವೆ ಗಂಡಸರೂ ಹೆಂಗಸರೂ ನೆಲದ ಮೇಲೆ ಮಲಗಿ, ಒಂದು ಕಣ್ಣು ಮುಚ್ಚಿ, ವೈರಿಯ ಹಡಗು ಎಷ್ಟು ಅಂಗುಲ ದೂರವೆಂದು ಊಹಿಸಿ ಬರೆದುಕೊಡುತ್ತಿದ್ದರು. ಮಧ್ಯಸ್ಥನು ಅಳತೆಪಟ್ಟಿ ಹಿಡಿದು, ಗುಂಡು ಬಿದ್ದ ಜಾಗದಲ್ಲಿ ಗಾಲ್ಫ್ ಆಟದ ಮೊಳೆಯೊಂದನ್ನು ಇಡುತ್ತಿದ್ದನು. ದಾಳವಿಲ್ಲ, ಕಣ್ಣಿನಳತೆಯೇ ಎಲ್ಲ. ಜರ್ಮನಿಯ ‘ಗ್ರಾಫ್ ಸ್ಪೀ’ ನೌಕೆಯು ತನಗಿಂತ ಚಿಕ್ಕವಾದ ಮೂರು ಬ್ರಿಟಿಷ್ ಕ್ರೂಸರುಗಳನ್ನು ಎದುರಿಸಿದರೆ ಸೋಲುವುದೆಂದು ಈ ಆಟವು, 1939ರ ಡಿಸೆಂಬರಿನಲ್ಲಿ ಅದು ನಿಜವಾಗುವ ಮುನ್ನವೇ, ತೋರಿಸಿತ್ತೆಂಬ ಕಥೆ ಈ ಹವ್ಯಾಸಿಗಳಲ್ಲಿ ಪ್ರಚಲಿತವಾಗಿದೆ.

ಕಥೆಯ ಮಾತಿರಲಿ, ನೆಲದ ಮೇಲಿನ ಆಟವು ಪ್ರಾಣಗಳನ್ನು ಉಳಿಸಿದ ನಿಜಸಂಗತಿಯು ಲಿವರ್‌ಪೂಲಿನ ಡರ್ಬಿ ಹೌಸಿನಲ್ಲಿ ನಡೆಯಿತು. ಅಟ್ಲಾಂಟಿಕ್ ಸಾಗರದಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಬ್ರಿಟನ್ನಿಗೆ ಅನ್ನವನ್ನು ತರುವ ಹಡಗುಗಳನ್ನು ಮುಳುಗಿಸುತ್ತಿದ್ದ 1942ರ ಜನವರಿಯಲ್ಲಿ, ಕ್ಷಯರೋಗದ ದೆಸೆಯಿಂದ ಕಡಲಿನ ಕೆಲಸವನ್ನು ಬಿಡಬೇಕಾಗಿ ಬಂದಿದ್ದ ಗಿಲ್ಬರ್ಟ್ ರಾಬರ್ಟ್ಸ್ ಎಂಬ ಅಧಿಕಾರಿಯು, ನೌಕಾಸೇನೆಯ ಮಹಿಳಾ ವಿಭಾಗಕ್ಕೆ ಸೇರಿದ ಕೆಲವು ತರುಣಿಯರನ್ನು ಕೂಡಿಕೊಂಡು, ಅಲ್ಲಿನ ಕೊಠಡಿಯ ನೆಲಕ್ಕೆ ಚೌಕಗಳನ್ನು ಬರೆದು, ಪುಟ್ಟ ಹಡಗುಗಳನ್ನಿಟ್ಟು, ಆಗಿಹೋದ ದಾಳಿಗಳನ್ನು ಪರೀಕ್ಷಿಸಿದನು. ಹಡಗುಗಳ ದಾರಿಗಳು ಸೀಮೆಸುಣ್ಣದ ಗೆರೆಗಳು. ಬೆಂಗಾವಲಿನ ಅಧಿಕಾರಿಗಳು ಪರದೆಯ ಹಿಂದೆ ಕುಳಿತು, ಕಿಂಡಿಯ ಮೂಲಕ, ಕಡಲಿನ ಇರುಳಿನಲ್ಲಿ ಕಾಣುವಷ್ಟನ್ನೇ ಕಾಣಬೇಕು. ಹೀಗೆ ಆಡುತ್ತಿರುವಾಗಲೇ, ಜಲಾಂತರ್ಗಾಮಿಯು ರಾತ್ರಿ ನೀರಿನ ಮೇಲೆಯೇ ತೇಲುತ್ತ ಹಿಂದಿನಿಂದ ಬಂದು, ಸರಕು ಹಡಗುಗಳ ಸಾಲಿನೊಳಕ್ಕೆ ಹೊಕ್ಕು, ಟಾರ್ಪೆಡೊ ಬಿಟ್ಟು ಮುಳುಗಿ, ಆ ಸಾಲೆಲ್ಲವೂ ತನ್ನ ಮೇಲೆ ಹಾದುಹೋಗುವವರೆಗೆ ಅಡಗಿರುವುದೆಂಬ ಮರ್ಮವು ಹೊಳೆಯಿತು. ಅದಕ್ಕೆ ಪ್ರತಿಯಾಗಿ ಕಲ್ಪಿಸಿದ ವ್ಯೂಹಕ್ಕೆ ‘ರಾಸ್ಪ್‌ಬೆರಿ’ ಎಂದು ಹೆಸರಿಟ್ಟವಳು ಜೀನ್ ಲೇಡ್ಲಾ ಎಂಬ ತರುಣಿ. ಜಲಾಂತರ್ಗಾಮಿಗಳಲ್ಲಿಯೇ ಖ್ಯಾತಿ ಪಡೆದಿದ್ದ ಅಡ್ಮಿರಲ್ ಮ್ಯಾಕ್ಸ್ ಹಾರ್ಟನ್ ಆ ನೆಲದ ಮೇಲೆ ಜ್ಯಾನೆಟ್ ಓಕೆಲ್ ಎಂಬಾಕೆಗೆ ಆಡಿದ ಐದು ಸಲವೂ ಸೋತನೆಂದು ಹೇಳುತ್ತಾರೆ. ಯುದ್ಧ ಮುಗಿಯುವ ವೇಳೆಗೆ ಅಲ್ಲಿ ಕಲಿತು ಹೋದ ಅಧಿಕಾರಿಗಳು ಸುಮಾರು 5,000 ಮಂದಿ.

ಪುಟ್ಟ ಪ್ರತಿಕೃತಿಗಳು ಯುದ್ಧಶಿಕ್ಷಣಕ್ಕೆ ನೆರವಾದುದು ಹಡಗುಗಳ ವಿಷಯದಲ್ಲಿ ಮಾತ್ರವಲ್ಲ; ವಿಮಾನಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಅದೇ 1942ರಲ್ಲಿ ಅಮೆರಿಕದ ನೌಕಾಸೇನೆಯು, ಸ್ವಪಕ್ಷದ ಮತ್ತು ವಿಪಕ್ಷದ ವಿಮಾನಗಳನ್ನು ಗುರುತಿಸುವ ಶಿಕ್ಷಣಕ್ಕಾಗಿ, ಶಾಲೆಯ ವಿದ್ಯಾರ್ಥಿಗಳಿಂದ 5,00,000 ಮರದ ಪ್ರತಿಕೃತಿಗಳನ್ನು ಬೇಡಿತು. ಅವುಗಳ ಪ್ರಮಾಣ 1:72, ಅಂದರೆ ಆರು ಅಡಿಗೆ ಒಂದು ಅಂಗುಲ. 35 ಅಡಿ ದೂರದಲ್ಲಿ ಹಿಡಿದ ಪ್ರತಿಕೃತಿಯು ಸುಮಾರು ಅರ್ಧ ಮೈಲಿಯಾಚೆಯ ನಿಜವಿಮಾನದಷ್ಟೇ ಕಾಣುವುದು. ಇಂದು ಪ್ಲಾಸ್ಟಿಕ್ ವಿಮಾನಗಳನ್ನು ಜೋಡಿಸುವವರು ಬಳಸುವ ಪ್ರಮಾಣಗಳಲ್ಲಿಯೂ ಇದು ಪ್ರಮುಖವಾಗಿ ಉಳಿದಿದೆ.

ಹಡಗುಗಳಿಗೆ ಮರಳಿದರೆ, ಜಪಾನಿನ ಶಿಜುಓಕಾ ಪ್ರಾಂತದ ತಮಿಯಾ, ಹಸೆಗಾವಾ, ಅಓಶಿಮಾ, ಫುಜಿಮಿ ಎಂಬ ನಾಲ್ಕು ಸಂಸ್ಥೆಗಳು 1971ರಿಂದ ತಮ್ಮ ದೇಶದ ಹಳೆಯ ನೌಕಾಪಡೆಯ ಹಡಗುಗಳನ್ನು ತಮ್ಮೊಳಗೆ ಹಂಚಿಕೊಂಡು, 1:700ರ ಪ್ರಮಾಣದಲ್ಲಿ ತಯಾರಿಸತೊಡಗಿದವು. ಇವುಗಳಿಗೆ ನೀರಿನ ಮಟ್ಟದಿಂದ ಕೆಳಗಿನ ಭಾಗವಿಲ್ಲ. ಸಮನಾದ ನೆಲದ ಮೇಲೆ ಅವು ತೇಲುವಂತೆ ಕೂರುತ್ತವೆ. ಇಂತಹ ಹಡಗುಗಳನ್ನು ಶ್ರಮಪಟ್ಟು ಜೋಡಿಸಿ, ಬಣ್ಣ ಬಳಿದು, ಗಾಜಿನ ಕಪಾಟಿನಲ್ಲಿ ಬೀಗ ಹಾಕಿಟ್ಟಿರುವ ವಾಚಕರಲ್ಲಿ ನನ್ನ ಅರಿಕೆ ಇಷ್ಟೆ: ಬಿಡುವಾದ ಒಂದು ದಿನ ಅವುಗಳನ್ನು ಹೊರತೆಗೆದು ನೆಲದ ಮೇಲೆ ಸಾಲುಗಟ್ಟಿಸಿರಿ, ಮನೆಯ ಮಕ್ಕಳ ಕೈಗೆ ಅಳತೆಪಟ್ಟಿಯನ್ನು ಕೊಡಿರಿ, ದೂರವನ್ನು ಕಣ್ಣಿನಿಂದ ಊಹಿಸಿ ಆಡಿ ನೋಡಿರಿ.