ಸಕ್ಕರೆ ನಾಡಿನವನ ಸಕ್ಕರೆ ಲೆಕ್ಕ

ಮಂಡ್ಯ ಕಡೆಯವನಾದ ನನಗೆ ಸಕ್ಕರೆ ಎಂದರೆ ಬರೀ ಸಿಹಿಯಲ್ಲ, ಮನೆಯ ಆದಾಯ. ಅಪ್ಪ ಒಂದೂವರೆ ಎಕರೆಯಲ್ಲಿ ಕಬ್ಬು ಬೆಳೆದು, ಕಾರ್ಖಾನೆಗೆ ಹಾಕಿ, ಬಂದ ದುಡ್ಡಿನಲ್ಲೇ ನನ್ನ ಬಿಕಾಂಗೂ ಸಿಎಗೂ ಫೀಸು ಕಟ್ಟಿದರು. ಹೋದ ವರ್ಷ ದೋಹಾದ ವೈದ್ಯರು ನನ್ನ ರಕ್ತದ ವರದಿ ನೋಡಿ, ಟ್ರೈಗ್ಲಿಸರೈಡ್ ಮಿತಿ ಮೀರಿದೆ, ಹೃದಯದ ಮೇಲೆ ಕರುಣೆಯಿದ್ದರೆ ಸಕ್ಕರೆ ಇಳಿಸಿ ಎಂದರು. ಅನ್ನ ಕೊಟ್ಟ ಧಣಿಯ ಮೇಲೆ ದಾವೆ ಹೂಡು ಎಂದಂತಾಯಿತು.

ಆ ಧಣಿ ನಮ್ಮಲ್ಲಿಗೆ ಬಂದದ್ದು ತೀರ ಹಿಂದೇನಲ್ಲ. ಕನ್ನಂಬಾಡಿ ಕಟ್ಟೆಗೆ ಮುಂಚೆ ಮಂಡ್ಯದ ಬಹುಪಾಲು ಹೊಲ ಮಳೆ ನಂಬಿದ ರಾಗಿ ಹೊಲ. ಕಟ್ಟೆಯೆದ್ದು, ಇಂದು ವಿಶ್ವೇಶ್ವರಯ್ಯ ನಾಲೆ ಎನ್ನುವ ಇರ್ವಿನ್ ನಾಲೆಯಲ್ಲಿ ನೀರು ಹರಿಯಿತು. 1932ರಲ್ಲಿ ಭಾರತ ಸರ್ಕಾರ ಹೊರಗಿನ ಸಕ್ಕರೆಗೆ ಸುಂಕ ಹಾಕಿ ದೇಶದ ಕಾರ್ಖಾನೆಗಳಿಗೆ ರಕ್ಷಣೆ ಕೊಟ್ಟಿತು. ಮರುವರ್ಷವೇ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಕೃಷಿ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅವರ ಮುತುವರ್ಜಿಯಿಂದ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. 1939ರಲ್ಲಿ ಮಂಡ್ಯ ಜಿಲ್ಲೆಯಾಯಿತು. ನಮ್ಮಜ್ಜಿಗೆ ಹಬ್ಬದ ಪದಾರ್ಥವಾಗಿದ್ದ ಬಿಳಿ ಸಕ್ಕರೆ ನನ್ನ ಕಾಲಕ್ಕೆ ದಿನಕ್ಕೆ ನಾಲ್ಕು ಸಲದ ಅಭ್ಯಾಸವಾಗಿತ್ತು.

ಹೆಸರು ಮಾತ್ರ ಹಳೆಯದು. ಸಂಸ್ಕೃತದ ಶರ್ಕರಾ ಪಾರಸಿ ಹಾದು ಅರಬ್ಬಿಯಲ್ಲಿ ಸುಕ್ಕರ್ ಆಯಿತು. ಬಿನ್ ಮಹಮೂದ್‌ನ ನಮ್ಮ ಓಣಿಯ ಕೆಫೆಟೀರಿಯಾದಲ್ಲಿ ಕರಕ್ ಚಹಾ ಹೇಳುವಾಗ ನಾನು ಬಳಸುವುದು ನಮ್ಮೂರಿನ ಪದದ ತಮ್ಮನನ್ನೇ.

ಲೆಕ್ಕಪತ್ರದವನಿಗೆ ಹೆಚ್ಚು ಕಾಡಿದ್ದು ಇನ್ನೊಂದು ಇತಿಹಾಸ. 1967ರಲ್ಲಿ ಅಮೆರಿಕದ ಹೆಸರಾಂತ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಹಾರ್ವರ್ಡ್ ವಿಜ್ಞಾನಿಗಳ ಸಮೀಕ್ಷೆ ಬಂತು. ಹೃದ್ರೋಗದ ಹೊಣೆಯನ್ನು ಅದು ಕೊಬ್ಬಿನ ಮೇಲೆ ಹೊರಿಸಿ, ಸಕ್ಕರೆಯ ವಿರುದ್ಧದ ಸಾಕ್ಷ್ಯವನ್ನು ಹಗುರ ಮಾಡಿತು. ಅದಕ್ಕಾಗಿ ಸಕ್ಕರೆ ಉದ್ಯಮದ ಸಂಸ್ಥೆ 6,500 ಡಾಲರ್ ಕೊಟ್ಟಿತ್ತೆಂಬುದು ಹೊರಬಿದ್ದದ್ದು 2016ರಲ್ಲಿ. ಸುಮಾರು ಐವತ್ತು ವರ್ಷ ಆಡಿಟ್ ಆಗದ ಒಂದು ಖರ್ಚು! ಕೊಬ್ಬು ನಿರ್ದೋಷಿ ಎಂದಲ್ಲ, ಆರೋಪಿ ಒಬ್ಬನೇ ಅಲ್ಲ ಎಂದಷ್ಟೇ.

ಕತಾರ್ 2019ರ ಜನವರಿಯಿಂದ ಸೋಡಾ ಪಾನೀಯಗಳಿಗೆ ಶೇ. 50, ಎನರ್ಜಿ ಡ್ರಿಂಕ್‌ಗಳಿಗೆ ಶೇ. 100 ತೆರಿಗೆ ಹಾಕಿತು. ಆ ಲೆಕ್ಕಗಳನ್ನು ಆಫೀಸಿನಲ್ಲಿ ಬರೆದವನು ನಾನೇ. ನನ್ನ ಕರಕ್ ಲೋಟದ ಲೆಕ್ಕವನ್ನು ಮಾತ್ರ ಬರೆದಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು: ಬೆರೆಸಿದ ಸಕ್ಕರೆಯಂಥದ್ದು ದಿನದ ಶಕ್ತಿಯ ಶೇ. 10ಕ್ಕಿಂತ ಕಡಿಮೆಯಿರಲಿ, ಶೇ. 5ಕ್ಕೆ ಇಳಿದರೆ ಇನ್ನೂ ಒಳ್ಳೆಯದು. ಅಂದರೆ ಸುಮಾರು 25 ಗ್ರಾಂ, ಆರು ಚಮಚ. ನನಗೆ ಮೂರು ಕರಕ್‌ನಲ್ಲೇ ಒಂಬತ್ತು ಚಮಚ ಹೋಗುತ್ತಿತ್ತು.

ಮೊದಲು ಮಾಡಿದ ತಪ್ಪು, ಸಕ್ಕರೆ ಬಿಟ್ಟು ಬೆಲ್ಲ ಹಿಡಿದದ್ದು. ಖಾತೆ ಬದಲಾಯಿತು, ಮೊತ್ತ ಹಾಗೇ ಉಳಿಯಿತು. ಈಗ ಹೆಂಡತಿ ಹೆಸರುಬೇಳೆ ಪಾಯಸಕ್ಕೆ ಒಂದು ಲೋಟ ಬೆಲ್ಲದ ಬದಲು ಇಲ್ಲಿನ ಖಲಾಸ್ ಖರ್ಜೂರ ಆರನ್ನು ನೆನೆಸಿ ಅರೆದು ಹಾಕುತ್ತಾಳೆ, ಏಲಕ್ಕಿ ಧಾರಾಳ. ಖರ್ಜೂರದಲ್ಲೂ ಸಕ್ಕರೆಯೇ ಇರುವುದು. ಆದರೆ ಜೊತೆಗೆ ನಾರಿದೆ, ಆರು ಜನಕ್ಕೆ ಹಂಚಿದರೆ ತಲೆಗೊಂದೇ ಬರುತ್ತದೆ. ಯುಗಾದಿಗೆ ಒಬ್ಬಟ್ಟು ಬಿಟ್ಟಿಲ್ಲ, ನಾಲ್ಕು ಒಂದಾಗಿದೆ.

ಆರು ತಿಂಗಳ ನಂತರದ ವರದಿಯಲ್ಲಿ ಅಂಕಿ ಇಳಿದಿತ್ತು. ಖುಷಿಯಿಂದ ಅಪ್ಪನಿಗೆ ಫೋನು ಮಾಡಿದೆ.

"ಒಳ್ಳೇದಾಯ್ತು ಕಣ್ಲಾ. ಆದ್ರೆ ಎಲ್ರೂ ನಿನ್ನಂಗೆ ಸಕ್ಕರೆ ಬುಟ್ರೆ ನಮ್ ಕಬ್ಬು ಯಾರ್ಲಾ ಕೊಳ್ತಾರೆ?"

ನನ್ನಲ್ಲಿ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅಪ್ಪನೇ ಕೇಳಿದರು: "ಆ ಖರ್ಜೂರದ ಪಾಯ್ಸ ಹೆಂಗಿರ್ತದೆ? ನಂಗೂ ಡಾಕ್ಟ್ರು ಸಕ್ಕರೆ ಬೇಡ ಅಂದವ್ರೆ."