ನಾವು ದೋಣಿಯವರಲ್ಲ, ಆದ್ರೂ ದೋಣಿಯವರ ಕಥೆ ಗೊತ್ತಿರಬೇಕು

ಉದ್ದದ ಪೋಸ್ಟು ಇದು, ಪುರುಸೊತ್ತು ಮಾಡ್ಕೊಂಡು ಓದಿ.

ನಾನು ಸಂಸೆಯವನು. ಕಳಸದಿಂದ ಕುದುರೆಮುಖಕ್ಕೆ ಹೋಗೋ ದಾರೀಲಿ ಸಿಗೋ ಊರು. ಸಮುದ್ರ ಮೊದಲ ಸಲ ನೋಡಿದ್ದು ಹತ್ತೊಂಬತ್ತನೇ ವಯಸ್ಸಲ್ಲಿ. ದೋಣಿ ಹತ್ತಿದ್ದು ಇವತ್ತಿನವರೆಗೆ ಒಂದೇ ಸಲ, ಅದೂ ವಾಂತಿ ಮಾಡ್ಕೊಂಡು ಇಳಿದೆ. ಆದ್ರೆ ನಮ್ಮ ಆಫೀಸಿಗೆ ಹೊಸಬರು ಯಾರಾದ್ರೂ ವರ್ಗವಾಗಿ ಬಂದು ನನ್ನ ಜಾತಿ ತಿಳಿದ ಕೂಡಲೇ ಕೇಳೋ ಪ್ರಶ್ನೆ ಒಂದೇ: "ಮೊಗೇರ ಅಂದ್ರೆ ಮೀನು ಹಿಡಿಯೋರಲ್ವೇನ್ರೀ?"

ಅಲ್ಲ. ನಾವು ತುಳುನಾಡಿನ ಗದ್ದೆ ಕೆಲಸದವರು, ಕಾಡಲ್ಲಿ ಬೇಟೆ ಆಡ್ತಿದ್ದವರು. ನಮ್ಮ ದೈವಗಳಾದ ಮುದ್ದ, ಕಳಲ ಬೇಟೆಗಾರರು. ಅವರ ತಂಗಿ ತನ್ನಿಮಾನಿಗ. ನನ್ನ ಅಜ್ಜಿ ಹೇಳ್ತಿದ್ದ ಪಾಡ್ದನದಲ್ಲಿ ಕಾಡಿತ್ತು, ನಾಯಿ ಇತ್ತು, ಗದ್ದೆಯ ಹುಣಿ ಇತ್ತು. ಕಡಲು ಇರಲಿಲ್ಲ.

ಮೀನು ಹಿಡಿಯೋರು ಬೇರೆ. ಅವರ ಕಥೆ ಅವರ ಬಾಯಲ್ಲೇ ಕೇಳೋಣ ಅಂತ ಕೆಲವು ವರ್ಷದ ಹಿಂದೆ ಗೆಳೆಯರೊಬ್ಬರ ಜೊತೆ ಮಲ್ಪೆ ಕಡೆ ಕಡಲ ಕರೆಗೆ ಹೋಗಿದ್ದೆ. ಬೆಳಗಿನ ಆರು ಗಂಟೆ. ಹತ್ತಿಪ್ಪತ್ತು ಜನ ಕೈರಂಪಣಿ ಎಳೀತಿದ್ರು. ಸಣ್ಣ ದೋಣಿ ಬಲೆ ಬಿಡ್ತಾ ಅರ್ಧ ಸುತ್ತು ಹಾಕಿ ಬರುತ್ತೆ, ದಡದಲ್ಲಿ ಎರಡು ಸಾಲಲ್ಲಿ ನಿಂತು ಹಗ್ಗ ಎಳೀತಾರೆ. ಗಂಟೆಗಟ್ಟಲೆ ಎಳೆದ ಮೇಲೆ ಬಂದದ್ದು ಎರಡು ಬುಟ್ಟಿ ಮೀನು, ಒಂದಷ್ಟು ಪ್ಲಾಸ್ಟಿಕ್ಕು. ಅಲ್ಲಿದ್ದ ವಯಸ್ಸಾದ ಮೊಗವೀರರೊಬ್ಬರು ನಕ್ಕು ಹೇಳಿದ್ರು: "ಇದು ಆಟ ಮಾರಾಯ್ರೆ. ನೀವು ದೊಡ್ಡ ರಂಪಣಿ ನೋಡ್ಬೇಕಿತ್ತು."

ದೊಡ್ಡ ರಂಪಣಿ ಅಂದ್ರೆ ಒಂದು ಕಿಲೋಮೀಟರಿಗೂ ಉದ್ದದ ಬಲೆ. ಒಬ್ಬನ ಆಸ್ತಿ ಅಲ್ಲ. ಮನೆಮನೆಯ ತುಂಡುಗಳನ್ನ ಜೋಡಿಸಿ ಮಾಡಿದ್ದು. ಅದಕ್ಕೆ ದೊಡ್ಡ ದೋಣಿ, ದಡದಲ್ಲಿ ಎಳೆಯಕ್ಕೆ ಎಪ್ಪತ್ತು ಎಂಬತ್ತು ಜನ. ಮಳೆಗಾಲ ಮುಗಿದು ಬಂಗುಡೆ, ಭೂತಾಯಿ ದಂಡುದಂಡಾಗಿ ದಡದ ಹತ್ತಿರ ಬರ್ತವೆ. ನೀರಿನ ಬಣ್ಣ ನೋಡಿ, ಹಕ್ಕಿ ನೋಡಿ, ಮೀನು ಎಲ್ಲಿದೆ ಅಂತ ಹೇಳೋ ಕಣ್ಣಿನವರು ಇದ್ರು. ಹಿಡಿದ ಮೀನು ಬಲೆಗಿಷ್ಟು, ದೋಣಿಗಿಷ್ಟು, ಎಳೆದ ಕೈಗಿಷ್ಟು ಅಂತ ಪಾಲು. ಕಾರವಾರದಿಂದ ಮಂಗಳೂರಿನವರೆಗೆ ಇದೇ ನಡೀತಿತ್ತು.

ಇದನ್ನ ಸ್ವರ್ಗ ಅಂತ ಹೇಳಕ್ಕೆ ಹೊರಟಿಲ್ಲ. ದಡದ ಪಾಲಿನಲ್ಲಿ ನಮ್ಮವರಿಗೆ ಜಾಗ ಇತ್ತಾ ಅಂತ ಆ ಹಿರಿಯರನ್ನೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೀನು ಜಾಸ್ತಿ ಬಂದ್ರೆ ಗೊಬ್ಬರಕ್ಕೆ ಹೊರಕ್ಕೆ ಬರ್ತಿದ್ರು" ಅಂದ್ರು. ಸುಳ್ಳು ಹೇಳಲಿಲ್ಲವಲ್ಲ, ಅದಕ್ಕೇ ಅವರ ಮೇಲೆ ನನಗೆ ಗೌರವ. ಗೊಬ್ಬರದ ಮಾತು ಬಂದದ್ದಕ್ಕೆ ಒಂದು ವಿಷಯ: ಮದ್ರಾಸ್ ಸರ್ಕಾರ 1905ರಲ್ಲಿ ಮೀನುಗಾರಿಕೆಯ ಅಧ್ಯಯನಕ್ಕೆ ಫ್ರೆಡರಿಕ್ ನಿಕೋಲ್ಸನ್ ಅನ್ನೋ ಅಧಿಕಾರಿಯನ್ನ ನೇಮಿಸಿತ್ತು. ಭೂತಾಯಿ ಬೇಯಿಸಿ ಎಣ್ಣೆ ತೆಗೆದು, ಉಳಿದ ಹಿಂಡಿಯನ್ನ ಗೊಬ್ಬರ ಮಾಡೋ ಕೆಲಸಕ್ಕೆ ಪಶ್ಚಿಮ ಕರಾವಳಿಯಲ್ಲಿ ಉತ್ತೇಜನ ಕೊಟ್ಟವರು ಅವರೇ. ಕಾಫಿ, ಟೀ ತೋಟಗಳಿಗೆ ಆ ಗೊಬ್ಬರ ಬೇಕಿತ್ತು. ಕಡಲಿನ ಮೀನು ಘಟ್ಟ ಹತ್ತಿದ್ದು ಬರೀ ಸಾರಿಗೆ ಅಲ್ಲ.

ರಂಪಣಿ ಹೇಗೆ ಸತ್ತಿತು? ತಾನಾಗಿ ಸಾಯಲಿಲ್ಲ. 1960ರ ದಶಕದಲ್ಲಿ ಇಂಡೋ-ನಾರ್ವೇಜಿಯನ್ ಯೋಜನೆ ಕಾರವಾರಕ್ಕೆ ಬಂತು, ಯಾಂತ್ರಿಕ ದೋಣಿ, ಟ್ರಾಲ್ ಬಲೆ ಬಂತು. 1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬಲೆ ಬಂತು. ಸಾಲ, ಸಹಾಯಧನ, ಅಭಿವೃದ್ಧಿ ಅನ್ನೋ ಮಾತು ಎಲ್ಲ ಅದರ ಹಿಂದೆ. ಎಂಬತ್ತು ಜನ ದಡದಲ್ಲಿ ಕಾಯ್ತಿದ್ದ ಬಂಗುಡೆಯನ್ನ ಒಂದು ಎಂಜಿನ್ ಬೋಟಿನ ಇಪ್ಪತ್ತಿಪ್ಪತ್ತೈದು ಜನ, ಅದು ದಡಕ್ಕೆ ಬರೋ ಮೊದಲೇ, ನೀರಲ್ಲೇ ಸುತ್ತು ಹಾಕಿ ಚೀಲದ ಬಾಯಿ ಕಟ್ಟಿದ ಹಾಗೆ ಕಟ್ಟಿ ಎತ್ತಿದ್ರು. ಗಲಾಟೆ ಆಯ್ತು, ಹೊಡೆದಾಟ ಆಯ್ತು. 1980ರ ದಶಕದ ಶುರುವಿಗೆಲ್ಲ ದೊಡ್ಡ ರಂಪಣಿ ಹೆಚ್ಚುಕಮ್ಮಿ ಮುಗಿದಿತ್ತು. ಪರ್ಸೀನ್ ಹಾಕಿದವರಲ್ಲೂ ಅದೇ ಜಾತಿಯ ದುಡ್ಡಿದ್ದವರು ಇದ್ರು, ಇದನ್ನೂ ಹೇಳ್ಬೇಕು. ಜಾತಿ ಒಂದೇ ಆದ್ರೆ ಬಲೆ ಒಂದೇ ಆಗಲ್ಲ.

ಎಲ್ಲ ಮುಗಿದ ಮೇಲೆ ಕಾನೂನು ಬಂತು. 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ. ಅದರ ಲೆಕ್ಕದಲ್ಲಿ ದಡದಿಂದ 6 ಕಿ.ಮೀ. ಒಳಗಿನ ನೀರು ನಾಡದೋಣಿಯವರದ್ದು. ಕಾಗದದಲ್ಲಿ. ಈಗ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ನಿಷೇಧ, 10 ಅಶ್ವಶಕ್ತಿಯೊಳಗಿನ ಎಂಜಿನ್ನಿನ ನಾಡದೋಣಿಗೆ ಮಾತ್ರ ಬಿಡುವು. ತೂಫಾನ್ ಎದ್ದು ಇಳಿದ ಮೇಲೆ ಅವರು ಮಾಟುಬಲೆ ತಗೊಂಡು ಹೊರಡ್ತಾರೆ. ವರ್ಷದಲ್ಲಿ ಕಡಲು ಅವರದ್ದು ಅನ್ನಿಸೋದು ಆ ಎರಡು ತಿಂಗಳು, ಅದೂ ಅಲೆ ಅತಿ ಕೆಟ್ಟದಾಗಿರೋ ಎರಡು ತಿಂಗಳು. ಬೆಳಕು ಹಾಯಿಸಿ ಮೀನು ಹಿಡಿಯೋದನ್ನ ಕೇಂದ್ರ 2017ರಲ್ಲಿ ನಿಷೇಧಿಸಿತು. ಆದ್ರೂ ರಾತ್ರಿ ದಡದಲ್ಲಿ ನಿಂತ್ರೆ ದೂರದಲ್ಲಿ ದೀಪಾವಳಿ ಕಾಣುತ್ತೆ ಅಂತ ಆ ಹಿರಿಯರು ಹೇಳಿದ್ರು.

ಹೊರಡೋವಾಗ ನಾನು ಸಂಸೆಯವನು ಅಂದೆ. "ಓ, ಕುದ್ರೆಮುಖದ ಬುಡ!" ಅಂದ್ರು. ಮೋಡ ಇಲ್ಲದ ದಿನ ಕಡಲಲ್ಲಿ ನಿಂತು ನಮ್ಮ ಬೆಟ್ಟದ ಮುಖ ನೋಡಿ ದಿಕ್ಕು ತಿಳ್ಕೊಳ್ತಿದ್ರಂತೆ. 1,894 ಮೀಟರ್ ಎತ್ತರದ ಆ ಬೆಟ್ಟದ ಬುಡದಲ್ಲಿ ಅದಿರಿನ ಕಂಪನಿ ಶುರುವಾದದ್ದು 1976ರಲ್ಲಿ. ಅದಿರಿನ ರಾಡಿ 67 ಕಿ.ಮೀ. ಪೈಪಿನಲ್ಲಿ ಹರಿದು ಪಣಂಬೂರಿಗೆ ಹೋಗ್ತಿತ್ತು. ಪಣಂಬೂರಲ್ಲಿ ಹೊಸ ಬಂದರಿಗೆ ಅಂತ ಎಬ್ಬಿಸಿದ ಜನಕ್ಕೆ ಕಾಟಿಪಳ್ಳ, ಕೃಷ್ಣಾಪುರದಲ್ಲಿ ಜಾಗ ಕೊಟ್ಟಿದ್ರು. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಬಂದರು ಇದೆ, ಎಬ್ಬಿಸಿದವರು ವಾಪಸ್ ಬರಲಿಲ್ಲ.

ಈಗ ನಮ್ಮ ಪಟ್ಟಿಯ ವಿಷಯ. ಇದಕ್ಕೇ ಇಷ್ಟೆಲ್ಲ ಬರೆದೆ.

ಕುದುರೆಮುಖ ದಾಟಿ ಕಾರ್ಕಳ ಕಡೆ ಹೋದ್ರೆ ಎಸ್.ಕೆ. ಬಾರ್ಡರ್ ಅಂತ ಸ್ಟಾಪ್ ಇದೆ. ಸೌತ್ ಕೆನರಾ ಬಾರ್ಡರ್. ಆ ಕಡೆ ಮದ್ರಾಸ್ ಪ್ರಾಂತ್ಯ, ಈ ಕಡೆ ಮೈಸೂರು. ನನ್ನ ಅಜ್ಜ ಮೇಸ್ತ್ರಿಯ ಮುಂಗಡಕ್ಕೆ ಸಿಕ್ಕಿ ಆ ಗಡಿ ದಾಟಿ ತೋಟದ ಲೈನಿಗೆ ಬಂದವರು. 1956ರಲ್ಲಿ ಎರಡೂ ಕಡೆ ಒಂದೇ ರಾಜ್ಯ ಆಯ್ತು. ಆದ್ರೆ ಪರಿಶಿಷ್ಟ ಜಾತಿಯ ಪಟ್ಟಿ ಒಂದಾಗಲಿಲ್ಲ. ಮೊಗೇರರು ದಕ್ಷಿಣ ಕನ್ನಡದಲ್ಲಿ, ಕೊಳ್ಳೇಗಾಲ ತಾಲ್ಲೂಕಿನಲ್ಲಿ ಮಾತ್ರ ಪರಿಶಿಷ್ಟರು. ಎರಡೂ ಹಳೇ ಮದ್ರಾಸ್ ಜಾಗ. ಘಟ್ಟದ ಕೆಳಗೆ ಅಂಗಳಕ್ಕೆ ಸೇರಿಸದವರು, ಘಟ್ಟದ ಮೇಲೂ ಹೋಟ್ಲಲ್ಲಿ ಬೇರೆ ಲೋಟ, ಆದ್ರೆ ಕಾಗದದಲ್ಲಿ ಚಿಕ್ಕಮಗಳೂರು ಜಿಲ್ಲೆಯ ನಾವು ಪರಿಶಿಷ್ಟರಲ್ಲ. ಅಪ್ಪನಿಗೆ ಏಳನೇ ಕ್ಲಾಸು ಮುಗಿದ ಮೇಲೆ ಹಾಸ್ಟೆಲ್ ಸಿಗಲಿಲ್ಲ. ಗಿಡ ಕಪಾತು ಮಾಡಕ್ಕೆ ಹೋದ್ರು. ಇವತ್ತಿಗೂ ಅಪ್ಪನ ಕೈಬರಹ ನನ್ನದಕ್ಕಿಂತ ಚೆಂದ.

1976ರಲ್ಲಿ ಸಂಸತ್ತು ತಿದ್ದುಪಡಿ ಕಾಯ್ದೆ ಮಾಡಿ ರಾಜ್ಯದೊಳಗಿನ ಈ ಗಡಿಗಳನ್ನ ತೆಗೀತು. ಜಾರಿಗೆ ಬಂದದ್ದು 1977ರ ಜುಲೈ 27. ನಾನು ಬಿ.ಎ. ಓದಿದ್ದು, ಈ ಕುರ್ಚಿ ಮೇಲೆ ಕೂತದ್ದು ಎಲ್ಲ ಆ ತಾರೀಕಿನ ಋಣ. ಆದ್ರೆ ಅದೇ ಬಾಗಿಲಲ್ಲಿ ಇನ್ನೊಂದು ಬೇಡಿಕೆಯೂ ಒಳಗೆ ಬಂತು. ಉತ್ತರ ಕನ್ನಡದಲ್ಲಿ, ಭಟ್ಕಳ ಹೊನ್ನಾವರ ಕಡೆ, ಮೊಗೇರ ಅನ್ನೋ ಹೆಸರಿನ ಮೀನುಗಾರರಿದ್ದಾರೆ. ಹಳೇ ಬೊಂಬಾಯಿ ಪ್ರಾಂತ್ಯದ ಜಿಲ್ಲೆ ಅದು. ಪಟ್ಟಿಯಲ್ಲಿ ನಮ್ಮ ಹೆಸರೂ ಇದೆ, ನಮಗೂ ಸರ್ಟಿಫಿಕೇಟ್ ಕೊಡಿ ಅಂತ ಅವರ ವಾದ. 2022ರಲ್ಲಿ ಭಟ್ಕಳದಲ್ಲಿ ಧರಣಿ ಕೂತಿದ್ರು.

ನಮ್ಮ ವಿರುದ್ಧ ಹೋಗೋ ಸಾಕ್ಷಿಯನ್ನೂ ಮುಚ್ಚಿಡಲ್ಲ. 1909ರಲ್ಲಿ ಬಂದ ಎಡ್ಗರ್ ಥರ್ಸ್ಟನ್ ಅವರ ದಕ್ಷಿಣ ಭಾರತದ ಜಾತಿಗಳ ಪುಸ್ತಕದಲ್ಲಿ ಮೊಗೇರ ಅಂದ್ರೆ ಕಡಲ ಮೀನುಗಾರರು ಅಂತಲೇ ಇದೆ. ಇವತ್ತು ನಾವು ಮೊಗವೀರರು ಅಂತ ಕರೆಯೋರು. ಹೆಸರಿನ ಗೊಂದಲ ಹಳೇದು. ಆದ್ರೆ ಪರಿಶಿಷ್ಟ ಪಟ್ಟಿ ಹುಟ್ಟಿದ್ದು ಹೆಸರಿನಿಂದ ಅಲ್ಲ, ಅಸ್ಪೃಶ್ಯತೆಯಿಂದ. ಯಾರನ್ನ ಬಾವಿಗೆ, ಗುಡಿಗೆ ಸೇರಿಸಲ್ಲ, ಯಾರನ್ನ ಮುಟ್ಟಿದ್ರೆ ಮೈಲಿಗೆ ಅಂತಾರೆ, ಆ ಲೆಕ್ಕ. ದಕ್ಷಿಣ ಕನ್ನಡದ ಮೊಗವೀರರು ಇವತ್ತು ಪ್ರವರ್ಗ 1ರಲ್ಲಿದ್ದಾರೆ. ಮೀನು ಹಿಡಿಯೋ ಬೆಸ್ತರು, ಖಾರ್ವಿಗಳೂ ಅಲ್ಲೇ ಇದ್ದಾರೆ.

ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಕೆಲವರು ಆ ಮೀನುಗಾರರನ್ನ ಕಳ್ಳರು ಅಂತ ಬೈತಾರೆ. ಬೇಡ ಕಣ್ರಪ್ಪ. ಪಾತಿ ದೋಣಿಯಲ್ಲಿ ಒಬ್ಬನೇ ಹೋಗಿ ಡೀಸೆಲ್ ಬೋಟಿನ ಅಲೆಗೆ ಬಲೆ ಹರ್ಕೊಂಡು ಬರೋನು ಯಾರ ಪಾಲನ್ನೂ ಕದ್ದವನಲ್ಲ, ಅವನ ಪಾಲೇ ಹೋಗಿರೋದು. ಹೋಗಿರೋದು ಕಡಲಲ್ಲಿ. ಆ 6 ಕಿ.ಮೀ. ನೀರು ಅವನಿಗೆ ಸಿಗಲಿ, ಪ್ರವರ್ಗ 1ರ ಸೌಲಭ್ಯ ಸರಿಯಾಗಿ ಸಿಗಲಿ, ಅದಕ್ಕೆ ಅವನ ಪಕ್ಕ ನಾನೂ ಧರಣಿ ಕೂರ್ತೀನಿ. ಆದ್ರೆ ಅಪ್ಪನಿಗೆ ಸಿಗದೆ ಹೋದ ಹಾಸ್ಟೆಲ್ ಸೀಟಿನ ಲೆಕ್ಕವನ್ನ ಅದಕ್ಕೆ ಸೇರಿಸಕ್ಕೆ ನಾನು ಒಪ್ಪಲ್ಲ. ಸಂವಿಧಾನದ 341ನೇ ವಿಧಿ ಪ್ರಕಾರ ಆ ಪಟ್ಟಿ ತಿದ್ದೋ ಅಧಿಕಾರ ಸಂಸತ್ತಿಗೆ ಮಾತ್ರ, ಯಾವ ತಾಲ್ಲೂಕು ಆಫೀಸಿನ ಮೇಜಿಗೂ ಇಲ್ಲ. ಮೇಜಿನ ಈ ಕಡೆ ಕೂತು ಹೇಳ್ತಿದ್ದೀನಿ.

ಇವತ್ತು ಬೆಳಗ್ಗೆ ಮೀನಿನ ಗಾಡಿ ಹಾರ್ನ್ ಹೊಡ್ಕೊಂಡು ಸಂಸೆ ಪೇಟೆಗೆ ಬಂದಿತ್ತು. ನಾಡದೋಣಿ ಬಂಗುಡೆ ಉಂಟಾ ಅಂತ ಬ್ಯಾರಿಯವರನ್ನ ಕೇಳಿದೆ. "ಎಲ್ಲಿಂದ ಬರ್ಬೇಕು ಅಣ್ಣಾ, ಇದು ಪರ್ಸೀನ್‌ದು, ಐಸಿಂದು" ಅಂದ್ರು. ಅರ್ಧ ಕೆಜಿ ತಗೊಂಡೆ.