ಪದ ಪರಿಚಯ: ಪಾಳಿ

ದವಾಖಾನೆಯ ಚೀಟಿ ಕಿಟಕಿಯ ಮುಂದೆ ಕಲಬುರಗಿ ಮಂದಿ ‘ಪಾಳಿ ಹಚ್ಚು’ತ್ತಾರೆ. ನಡುವೆ ನುಗ್ಗಿದವರಿಗೆ ‘ನಿಮ್ಮ ಪಾಳಿ ಇನ್ನೂ ಬಂದಿಲ್ರಿ’ ಎಂಬ ಮಾತು ಕಟ್ಟಿಟ್ಟದ್ದು. ಕಮಲಾಪುರದ ಬಸ್ಸಿಗೂ ಪಾಳಿಯೇ. ಬಸ್ಸು ಬರುವ ತನಕ ಮಾತ್ರ ಅನ್ನಿ.

ಸಂಸ್ಕೃತದ ‘ಪಾಲಿ’ಗೆ ಸಾಲು, ಅಂಚು ಎಂಬ ಅರ್ಥಗಳಿವೆ. ನೆರೆಯ ಮರಾಠಿಯಲ್ಲಿ ‘ಪಾಳಿ’ ಎಂದರೆ ಸರದಿ. ನಮ್ಮಲ್ಲಿ ಸಾಲೂ ಹೌದು, ಸರದಿಯೂ ಹೌದು. ‘ರಾತ್ರಿ ಪಾಳಿ’ಯಂತೂ ನಾಡಿನ ಕಾರ್ಖಾನೆಗಳಿಗೆಲ್ಲ ಗೊತ್ತು. ಇಂಗ್ಲಿಷಿನ ‘ಕ್ಯೂ’ ಮೂಲತಃ ಫ್ರೆಂಚಿನ ಬಾಲ. ಬಾಲದಲ್ಲಿ ಸರದಿಯ ಸುಳಿವಿಲ್ಲ, ಹಾಗಾಗಿ ನನ್ನ ಮತ ಪಾಳಿಗೆ.

ಕಂಪ್ಯೂಟರಿನ ‘ಮೆಸೇಜ್ ಕ್ಯೂ’ಗೂ ಇದೇ ಸರಿ: ಒಂದು ತಂತ್ರಾಂಶ ಕಳಿಸಿದ ಸಂದೇಶ, ಇನ್ನೊಂದು ಎತ್ತಿಕೊಳ್ಳುವವರೆಗೆ ಪಾಳಿಯಲ್ಲಿರುತ್ತದೆ. ಪಾಳಿ ಹಚ್ಚಲು ಬಾಗಿಲು ಬೇಕಲ್ಲ? ಅಲ್ಲಿ ಕಿವಿಗೊಟ್ಟು ಕೂತಿರುವುದೇ ‘ಲಿಸನರ್’. ಯಾವ ವಿಳಾಸದಲ್ಲಿ, ಯಾವ ಪೋರ್ಟಿನಲ್ಲಿ ಕಿವಿಗೊಡಬೇಕೆಂದು ಸಂರಚನಾ ಕಡತದಲ್ಲಿ ಬರೆಯಬೇಕು. 2007ರಲ್ಲಿ ಬಂದ ರ‍್ಯಾಬಿಟ್‌ಎಂಕ್ಯೂ ಎಂಬ ಮೆಸೇಜ್ ಕ್ಯೂ ತಂತ್ರಾಂಶ, ಏನೂ ಹೇಳದಿದ್ದರೆ, 5672ನೇ ಪೋರ್ಟಿನಲ್ಲಿ, ಸರ್ವರಿನ ಎಲ್ಲ ವಿಳಾಸಗಳಲ್ಲೂ ಕಿವಿ ತೆರೆದಿರುತ್ತದೆ. ಇಂಥದೇ ಇನ್ನೊಂದು ತಂತ್ರಾಂಶ ಐಬಿಎಂ ಎಂಕ್ಯೂದು ರೂಢಿಯಲ್ಲಿ 1414. ರ‍್ಯಾಬಿಟ್‌ಎಂಕ್ಯೂ ಕಡತದಲ್ಲಿ ಪೋರ್ಟಿನ ಮುಂದೆ 127.0.0.1 ಎಂದು ಬರೆದರೆ ಅದೇ ಯಂತ್ರದೊಳಗಿನವರಿಗಷ್ಟೇ ಪಾಳಿ. ಹೊರಗಿನವರಿಗೂ ಬೇಕಿದ್ದರೆ ಗೂಢಲಿಪಿಯ ಸಂಪರ್ಕಕ್ಕೆ 5671 ಇದೆ.

ಸರ್ವರ್ ನೋಡಿಕೊಳ್ಳುವವರು ಕಡತದಲ್ಲಿ ಲಿಸನರ್‌ನ ಸಾಲನ್ನು ಖಾಲಿ ಬಿಡದಿರಿ. ಕನ್ನಡದಲ್ಲಿ ತಂತ್ರಜ್ಞಾನ ಬರೆಯುವವರು ‘ಸಂದೇಶ ಪಾಳಿ’ ಎಂದು ಒಮ್ಮೆ ಬಳಸಿ ನೋಡಿ.